ಆರ್‌ಸಿ 390ಕ್ಕೆ ಮುಂದೆ 14 ಹಲ್ಲಿನ ಸ್ಪ್ರಾಕೆಟ್ ಹಾಕಿದವರು ಯಾರಾದರೂ ಇದ್ದೀರಾ?

ಕಾರ್ನರ್ ಕಿಟ್ಟಿ (ಬೆಂಗಳೂರು)

ನಮಸ್ಕಾರ ಎಲ್ಲರಿಗೂ. ನನ್ನದು 2018ರ ಕೆಟಿಎಂ ಆರ್‌ಸಿ 390. ಶೋರೂಮಿನಿಂದ ಹೇಗೆ ಬಂತೋ ಹಾಗೇ ಇದೆ, ಸೈಲೆನ್ಸರ್ ಕೂಡ ಮುಟ್ಟಿಲ್ಲ. ಆಫೀಸಿಗೆ ಮೆಟ್ರೋದಲ್ಲಿ ಹೋಗುತ್ತೇನೆ. ಬೈಕ್ ಹೊರಗೆ ಬರುವುದು ಭಾನುವಾರ ಬೆಳಗ್ಗೆ, ಇಲ್ಲವೇ ಟ್ರ್ಯಾಕ್ ಡೇ (ರೇಸ್ ಟ್ರ್ಯಾಕಿನಲ್ಲಿ ನಮ್ಮ ಬೈಕ್ ಓಡಿಸುವ ದಿನ) ಇದ್ದಾಗ. ಟ್ರ್ಯಾಕ್ ಅಂದರೆ ನಮ್ಮ ಕಡೆಯವರಿಗೆ ಗೊತ್ತೇ ಇದೆಯಲ್ಲ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಆಗೊಮ್ಮೆ ಈಗೊಮ್ಮೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ.

ತೊಂದರೆ ಏನೆಂದರೆ, ಕರಿಯಲ್ಲಿ ಕೆಲವು ತಿರುವಿಗೆ 2ನೇ ಗೇರ್‌ನಲ್ಲಿ ಹೋದರೆ ಬೈಕ್ ಇನ್ನೂ ಪೂರ್ತಿ ಎದ್ದಿರುವುದೇ ಇಲ್ಲ, ಅಷ್ಟರಲ್ಲಿ ಎಂಜಿನ್ ಕಿರುಚಲು ಶುರು ಮಾಡುತ್ತದೆ. ಎಡಕ್ಕೆ ಮಲಗಿರುವಾಗ ಲಿವರ್ ಕೆಳಗೆ ಪಾದ ತೂರಿಸಿ ಗೇರ್ ಏರಿಸುವುದು ನನ್ನ ಕೈಲಾಗದ ಕೆಲಸ. ಸರಿ, 3ರಲ್ಲೇ ಹೋಗೋಣ ಅಂದರೆ ಹೊರಗೆ ಬರುವಾಗ ಎಳೆತವೇ ಇರುವುದಿಲ್ಲ. ಥ್ರಾಟಲ್ ತಿರುವಿ ಕಾಯುತ್ತಾ ಕೂರಬೇಕು, ಅಷ್ಟರಲ್ಲಿ ಹಿಂದಿನವನು ಪಕ್ಕದಲ್ಲಿ ಹೋಗಿಯಾಗಿರುತ್ತದೆ.

ಚೈನ್ ಸುತ್ತುವ ಹಲ್ಲಿನ ಬಿಲ್ಲೆ, ಅಂದರೆ ಸ್ಪ್ರಾಕೆಟ್, ಮುಂದೆ ಎಂಜಿನ್ ಕಡೆ ಒಂದು, ಹಿಂದಿನ ಚಕ್ರದಲ್ಲಿ ಒಂದು ಇರುತ್ತದಲ್ಲ. ಜೊತೆಗೆ ಬರುವ ಹುಡುಗರಲ್ಲಿ ಒಬ್ಬ "ಮುಂದೆ 15 ತೆಗೆದು 14 ಹಾಕು ಗುರು, ರಾಕೆಟ್ ಆಗುತ್ತೆ" ಅನ್ನುತ್ತಾನೆ. ಇನ್ನೊಬ್ಬ "ಮುಂದಿನದು ಮುಟ್ಟಬೇಡ, ಹಿಂದೆ 48 ಹಾಕು, ಅದೇ ಸರಿ" ಅನ್ನುತ್ತಾನೆ. ಎರಡೂ ಒಂದೇನಾ? ಬೇರೆ ಬೇರೆ ಆದರೆ ಏನು ವ್ಯತ್ಯಾಸ? ಚೈನ್ ಅದೇ ಸಾಕಾ? ಸ್ಪೀಡೋಮೀಟರ್ ಸುಳ್ಳು ಹೇಳಲು ಶುರು ಮಾಡುತ್ತದಾ? ಹೈವೇಯಲ್ಲಿ ಹಿಂಸೆ ಆಗುತ್ತದಾ? ಮನೆಯಲ್ಲೇ ಮಾಡಿಕೊಳ್ಳಬಹುದಾ? ಹಾಕಿಸಿ ನೋಡಿದವರು ಹೇಳಿ. ಸುಮ್ನೆ ವಿಡಿಯೋ ನೋಡಿ ಹೇಳುವವರು ನನ್ನ ಸುತ್ತಲೇ ಬೇಕಾದಷ್ಟು ಜನ ಇದ್ದಾರೆ.

ಲೆಕ್ಕದ ಮೇಷ್ಟ್ರು (ಮೈಸೂರು)

ರಾಕೆಟ್ ಗೀಕೆಟ್ ಏನೂ ಆಗುವುದಿಲ್ಲ. ಮೊದಲು ಲೆಕ್ಕ ನೋಡೋಣ, ಆಮೇಲೆ ಅಂಗಡಿಗೆ ಹೋಗುವಿರಂತೆ.

ನಿಮ್ಮ ಬೈಕಿನಲ್ಲಿ ಮುಂದೆ 15 ಹಲ್ಲು, ಹಿಂದೆ 45. ಭಾಗಿಸಿದರೆ 3.00. ಮುಂದೆ 14 ಹಾಕಿದರೆ 3.21, ಅಂದರೆ ಶೇ. 7ರಷ್ಟು ಜಾಸ್ತಿ. ಹಿಂದೆ 48 ಹಾಕಿದರೆ 3.20. ಹಾಗಾಗಿ ನಿಮ್ಮ ಇಬ್ಬರು ಗೆಳೆಯರೂ ಹೆಚ್ಚುಕಮ್ಮಿ ಒಂದನ್ನೇ ಹೇಳುತ್ತಿದ್ದಾರೆ, ಜಗಳ ಬೇಕಿಲ್ಲ. ನಿಮ್ಮ ಬೈಕಿನ ಮಟ್ಟಿಗೆ ಮುಂದೆ ಒಂದು ಹಲ್ಲು ಅಂದರೆ ಹಿಂದೆ ಮೂರು ಹಲ್ಲು. ಅದಕ್ಕೇ ಮುಂದಿನದನ್ನು ಬದಲಾಯಿಸುವುದು ಒರಟು ಹೊಂದಾಣಿಕೆ, ಹಿಂದಿನದು ನಯವಾದ ಹೊಂದಾಣಿಕೆ. ಶೇ. 4 ಸಾಕು ಅನ್ನಿಸಿದರೆ ಹಿಂದೆ 47 ಹಾಕಬಹುದು, ಮುಂದಿನದರಲ್ಲಿ ಆ ನಡುವಿನ ಮೆಟ್ಟಿಲು ಇಲ್ಲ.

ಈಗ ವೇಗ. 390ರಲ್ಲಿ ಪ್ರೈಮರಿ, ಅಂದರೆ ಎಂಜಿನ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಹಲ್ಲುಗಳ ಅನುಪಾತ, 80/30. ಗೇರ್‌ಗಳು 1ರಿಂದ 6ರವರೆಗೆ 32/12, 26/14, 27/19, 24/21, 22/23, 21/25. ಹಿಂದಿನ ಟೈರ್ 150/60-17, ಸುತ್ತಳತೆ ಸುಮಾರು 1.92 ಮೀಟರ್. ಗುಣಿಸಿ ಭಾಗಿಸಿದರೆ ಪ್ರತಿ 1000 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 2ನೇ ಗೇರ್‌ನಲ್ಲಿ ಗಂಟೆಗೆ 7.8 ಕಿ.ಮೀ., 3ರಲ್ಲಿ 10.1, 6ರಲ್ಲಿ 17.2 ಸಿಗುತ್ತದೆ. 14 ಹಾಕಿದರೆ ಇವೇ 7.2, 9.5, 16 ಆಗುತ್ತವೆ. ಟೈರ್ ಭಾರಕ್ಕೆ ಸ್ವಲ್ಪ ಅಮುಕಿಕೊಳ್ಳುವುದರಿಂದ ನಿಜವಾದ ಅಂಕಿ ಒಂದು ಕೂದಲು ಕಮ್ಮಿ ಇರುತ್ತದೆ, ಅದು ಬಿಡಿ.

ನಿಮ್ಮ ತಿರುವಿಗೆ ಬರೋಣ. ನೀವು ಅಲ್ಲಿ 65 ಕಿ.ಮೀ. ವೇಗದಲ್ಲಿ ಇದ್ದೀರಿ ಅಂತಿಟ್ಟುಕೊಳ್ಳಿ. ಈಗಿನ 2ನೇ ಗೇರ್‌ನಲ್ಲಿ ಅದು 8400 ಆರ್‌ಪಿಎಂ. 9500ಕ್ಕೆ ಬರೀ 74 ಕಿ.ಮೀ. ಆದ್ದರಿಂದ ಥ್ರಾಟಲ್ ತೆರೆದ ತಕ್ಷಣ ಗೇರ್ ಏರಿಸಲೇಬೇಕು. 3ರಲ್ಲಾದರೆ 6400. ಈ ಎಂಜಿನ್‌ಗೆ ಟಾರ್ಕ್ (ತಿರುಚು ಬಲ) ತುದಿ ಮುಟ್ಟುವುದು 7000ದ ಆಸುಪಾಸಿನಲ್ಲಿ, ಅದಕ್ಕೇ ಸೊರಗಿದ ಹಾಗೆ ಅನ್ನಿಸುವುದು. 14 ಹಾಕಿದರೆ ಅದೇ 3ನೇ ಗೇರ್‌ನಲ್ಲಿ ಅದೇ 65ಕ್ಕೆ ಸುಮಾರು 6900. ಅಲ್ಲಿಂದ 90 ಕಿ.ಮೀ. ತನಕ ಗೇರ್ ಮುಟ್ಟದೆ ಎಳೆಯಬಹುದು. ನಿಮಗೆ ಬೇಕಾಗಿರುವುದು ಇದೇ ಅಲ್ವಾ?

ಆದರೆ ಇನ್ನೊಂದು ತಿರುವಿನಲ್ಲಿ ವೇಗ 75 ಇದೆ, ಅಲ್ಲಿ ಈಗಿನ 3ನೇ ಗೇರ್ 7400ರಲ್ಲಿ ಸರಿಯಾಗಿ ಕೂತಿದೆ ಅಂತಿಟ್ಟುಕೊಳ್ಳಿ. 14 ಹಾಕಿದ ಮೇಲೆ ಅಲ್ಲಿ 7900ರಿಂದ ಶುರು ಆಗುತ್ತದೆ, ಮೊದಲು ಗೇರ್ ಏರಿಸದೇ ದಾಟುತ್ತಿದ್ದ ಜಾಗದಲ್ಲಿ ಈಗ ಏರಿಸಬೇಕಾಗಬಹುದು. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕೊಟ್ಟು ಬರುವುದು ಅಂದರೆ ಇದೇ. ಎಂಜಿನ್ ಶಕ್ತಿ ಒಂದು ಗುಲಗಂಜಿಯಷ್ಟೂ ಜಾಸ್ತಿ ಆಗಿರುವುದಿಲ್ಲ. ಚಕ್ರಕ್ಕೆ ಸಿಗುವ ತಿರುಚು ಬಲ ಪ್ರತಿ ಗೇರ್‌ನಲ್ಲೂ ಶೇ. 7 ಏರುತ್ತದೆ, ಪ್ರತಿ ಗೇರ್ ತಲುಪುವ ವೇಗ ಅಷ್ಟೇ ಇಳಿಯುತ್ತದೆ. ಗೇರ್‌ಗಳ ನಡುವಿನ ಅಂತರ ಇದ್ದ ಹಾಗೇ ಇರುತ್ತದೆ, ಆರೂ ಗೇರ್ ಒಟ್ಟಿಗೆ ಕೆಳಗೆ ಜರುಗುತ್ತವೆ ಅಷ್ಟೇ. ಹೊಸ 6ನೇ ಗೇರ್ ಹಳೆಯ 5ಕ್ಕೂ 6ಕ್ಕೂ ನಡುವೆ ಎಲ್ಲೋ ಬಂದು ಕೂರುತ್ತದೆ.

ಹಾಗಾಗಿ ಏನನ್ನೂ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಮುಂದಿನ ಟ್ರ್ಯಾಕ್ ಡೇಗೆ ಹೋದಾಗ ಮೀಟರ್ ಕಾಣುವ ಹಾಗೆ ಕ್ಯಾಮೆರಾ ಕಟ್ಟಿಕೊಳ್ಳಿ. ಸಂಜೆ ಕೂತು ಪ್ರತಿ ತಿರುವಿನ ಅತಿ ಕಡಿಮೆ ವೇಗ, ಆಗ ಇದ್ದ ಗೇರ್, ಆರ್‌ಪಿಎಂ ಮೂರನ್ನೂ ಬರೆದುಕೊಳ್ಳಿ. ಉದ್ದ ನೇರ ದಾರಿಯ ಕೊನೆಯಲ್ಲಿ, ಬ್ರೇಕ್ ಹಿಡಿಯುವ ಮುಂಚೆ ಎಷ್ಟಿತ್ತು ಅದನ್ನೂ ಬರೆಯಿರಿ. ಕರಿ ಬರೀ 2.1 ಕಿ.ಮೀ. ಟ್ರ್ಯಾಕ್. ಅಲ್ಲಿ 6ನೇ ಗೇರ್ ನೀವು ಬಳಸುತ್ತಲೇ ಇಲ್ಲ ಅಂತಾದರೆ 14 ಹಾಕಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಇರುಂಗಾಟ್ಟುಕೋಟ್ಟೈ 3.7 ಕಿ.ಮೀ., ಅಲ್ಲಿ ಲೆಕ್ಕವೇ ಬೇರೆ.

ಘಟ್ಟದ ಬುಡ (ಬೆಳ್ತಂಗಡಿ)

ಮೇಷ್ಟ್ರ ಲೆಕ್ಕ ಎಲ್ಲ ಸರಿ ಮಾರಾಯ್ರೆ, ಆದರೆ ರಸ್ತೆಗೆ ಇದು ಬೇಕಾ ಅಂತ ನನ್ನ ಪ್ರಶ್ನೆ.

ನಾನು ಚಾರ್ಮಾಡಿ ಹತ್ತಿ ಇಳಿಯುವವನು. 14 ಹಲ್ಲು ಹಾಕಿದ 390 ಗೆಳೆಯನ ಹತ್ತಿರ ಇದೆ, ಓಡಿಸಿದ್ದೇನೆ. ಹತ್ತುವಾಗ ಮಜಾ ಇದೆ, ಸುಳ್ಳು ಹೇಳುವುದಿಲ್ಲ. ಹೇರ್‌ಪಿನ್‌ನಿಂದ ಹೊರಗೆ ಬರುವಾಗ ಕೇಳಿದ ತಕ್ಷಣ ಕೊಡುತ್ತದೆ. ಸಿಟಿಯಲ್ಲಿ ಕ್ಲಚ್ ಜಾರಿಸುವುದೂ ಕಮ್ಮಿ ಆಗುತ್ತದೆ. ದೊಡ್ಡ ಸಿಂಗಲ್ ಸಿಲಿಂಡರ್ ಯಾವುದೇ ಇರಲಿ, ಕಡಿಮೆ ಆರ್‌ಪಿಎಂನಲ್ಲಿ ಕುಲುಕುವುದು ಅದರ ಹುಟ್ಟುಗುಣ, ಅದಕ್ಕೆ ಗೇರಿಂಗ್ ಇಳಿಸಿದರೆ ಸಮಾಧಾನ ಸಿಗುತ್ತದೆ. ಆದರೆ ಇಳಿಯುವಾಗ ಮಳೆ ಬಂದು ರಸ್ತೆ ಒದ್ದೆ ಇದ್ದರೆ? ಎಂಜಿನ್ ಬ್ರೇಕಿಂಗ್ ಕೂಡ ಅಷ್ಟೇ ಜಾಸ್ತಿ ಆಗಿರುತ್ತದೆ. ಥ್ರಾಟಲ್ ಬಿಟ್ಟ ಕೂಡಲೇ ಹಿಂದಿನ ಚಕ್ರ ಹಿಡಿದುಕೊಂಡಂತೆ ಆಗುತ್ತದೆ. ಅಭ್ಯಾಸ ಇಲ್ಲದವರು ಗೇರ್ ಇಳಿಸುವಾಗ ಸ್ವಲ್ಪ ನೋಡಿಕೊಂಡು ಕ್ಲಚ್ ಬಿಡಬೇಕು.

ಹೈವೇ ಬಗ್ಗೆ ಕೇಳಿದಿರಲ್ಲ. ಮೇಷ್ಟ್ರ ಲೆಕ್ಕದ ಪ್ರಕಾರವೇ 100 ಕಿ.ಮೀ.ಗೆ 5800 ಇದ್ದದ್ದು 6250 ಆಗುತ್ತದೆ. ಕಾಗದದ ಮೇಲೆ ಬರೀ 400 ಚಿಲ್ಲರೆ. ಆದರೆ ಎರಡು ತಾಸು ಒಂದೇ ವೇಗದಲ್ಲಿ ಹೋದಾಗ ಆ 400 ನಿಮ್ಮ ಅಂಗೈಗೂ ಪಾದಕ್ಕೂ ಗೊತ್ತಾಗುತ್ತದೆ, ಎಣ್ಣೆಗೂ ಗೊತ್ತಾಗುತ್ತದೆ. ಮತ್ತೆ ಮತ್ತೆ "ಇನ್ನೊಂದು ಗೇರ್ ಇದೆ" ಅಂತ ಕಾಲು ಲಿವರ್ ಹುಡುಕುತ್ತದೆ, ಇರುವುದಿಲ್ಲ. ಬೆಂಗಳೂರಿನವರಿಗೆ ಒಂದು ಸಮಾಧಾನ, 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡುವುದೇ ಇಲ್ಲ. ಸರ್ವಿಸ್ ರಸ್ತೆಯಲ್ಲಿ ಹಂಪ್ ಹಾರುತ್ತಾ ಹೋಗುವುದಕ್ಕೆ 14 ಆದರೇನು 16 ಆದರೇನು!

ನನ್ನ ಮಾತು ಇಷ್ಟೇ. ಬರೀ ಟ್ರ್ಯಾಕ್ ಆದರೆ ಹಾಕಿ. ಗೋಕರ್ಣ, ಆಗುಂಬೆ ಅಂತ ಉದ್ದ ತಿರುಗುವವರು ಬಿಟ್ಟುಬಿಡಿ.

ಪಾನಾ ಪರಮೇಶಿ (ಹುಬ್ಬಳ್ಳಿ)

ನಂದು ಗ್ಯಾರೇಜ್ ಇದೆ, ಹಂಗಾಗಿ ನಾನು ಕೈಕೆಲಸದ ಬಗ್ಗೆ ಹೇಳತೀನಿ, ಲೆಕ್ಕ ಮೇಷ್ಟ್ರು ನೋಡಿಕೊಂಡಾರ.

ಮೊದಲು ಚೈನ್ ಅಳೆಯಿರಿ. ನಿಮ್ಮದು 520 ಅಳತೆಯ ಚೈನ್, ಪಿಚ್ (ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ) 15.875 ಮಿ.ಮೀ. ಚೈನನ್ನು ಎಳೆದು ಬಿಗಿ ಮಾಡಿ 20 ಪಿಚ್ ಅಳೆದರೆ ಹೊಸದರಲ್ಲಿ 317.5 ಮಿ.ಮೀ. ಬರಬೇಕು. ಕವಾಸಾಕಿಯವರು ತಮ್ಮ 520 ಚೈನಿಗೆ 323 ಅಂತ ಮಿತಿ ಇಟ್ಟಿದ್ದಾರೆ. ನಿಮ್ಮ ಬೈಕಿನ ಕೈಪಿಡಿಯಲ್ಲಿ ಅಳೆಯುವ ರೀತಿ ಬೇರೆ ಇದೆ, ಮಿತಿ ಇನ್ನೂ ಬಿಗಿ, ಅದನ್ನೇ ಪಾಲಿಸಿ. ಒಂದೇ ಕಡೆ ಅಳೆದು ಸುಮ್ಮನಾಗಬೇಡಿ, ಚಕ್ರ ತಿರುಗಿಸಿ ನಾಲ್ಕೈದು ಕಡೆ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು ಅಂತ ಬಂದರೆ ಆ ಚೈನಿನ ಆಯಸ್ಸು ಮುಗಿದಿದೆ. ಸವೆದ ಚೈನಿಗೆ ಹೊಸ ಸ್ಪ್ರಾಕೆಟ್ ಹಾಕುವುದು ಹರಿದ ಪಂಚೆಗೆ ಜರಿ ಅಂಚು ಹೊಲಿಸಿದ ಹಾಗೆ. ಉದ್ದ ಆದ ಚೈನು ಹೊಸ ಹಲ್ಲನ್ನು ತನ್ನ ಅಳತೆಗೆ ತಿಂದುಹಾಕುತ್ತದೆ. ಚೈನ್ ಚೆನ್ನಾಗಿದ್ದರೆ ಮಾತ್ರ ಬರೀ ಮುಂದಿನ ಸ್ಪ್ರಾಕೆಟ್ ಬದಲಾಯಿಸಿ.

ಇನ್ನು ಉದ್ದ ಸಾಕಾಗುತ್ತದಾ ಅಂತ. ಮುಂದೆ ಒಂದು ಹಲ್ಲು ಕಮ್ಮಿ ಮಾಡಿದರೆ ಹಿಂದಿನ ಆಕ್ಸಲ್ ಸುಮಾರು 4 ಮಿ.ಮೀ. ಹಿಂದಕ್ಕೆ ಹೋಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಜಾಗ ಇರುತ್ತದೆ. ಅದೇ ಹಿಂದೆ 48 ಹಾಕಿದರೆ ಆಕ್ಸಲ್ 12-13 ಮಿ.ಮೀ. ಮುಂದಕ್ಕೆ ಬರಬೇಕು. ಹೊಸ ಚೈನ್ ಆಗಿದ್ದರೆ ಅಷ್ಟು ಜಾಗ ಇರುವುದು ಅನುಮಾನ, ಎರಡು ಲಿಂಕ್ ಜಾಸ್ತಿ ಇರುವ ಚೈನ್ ತರಬೇಕಾಗುತ್ತದೆ. ಚೈನ್ ಯಾವಾಗಲೂ ಸಮಸಂಖ್ಯೆಯಲ್ಲೇ ಬರುತ್ತದೆ, ಒಂದೇ ಲಿಂಕ್ ಸೇರಿಸುವುದಕ್ಕೆ ಬರುವುದಿಲ್ಲ. ಹಂಗಾಗಿ ದುಡ್ಡಿನ ಲೆಕ್ಕದಲ್ಲಿ 14 ಅಗ್ಗ. ಹಾಕಿ ನೋಡಿ, ಸರಿ ಬರಲಿಲ್ಲ ಅಂದರೆ ಬಿಚ್ಚಿ ಹಳೇದನ್ನ ಹಾಕಿಕೊಳ್ಳಬಹುದು.

ಕೆಲಸ ಮಾಡುವ ಕ್ರಮ ತಪ್ಪಬಾರದು. ಬಹಳ ಜನ ಮೊದಲು ಹಿಂದಿನ ಆಕ್ಸಲ್ ಸಡಿಲ ಮಾಡಿ ಚೈನ್ ಕೆಳಗೆ ಇಳಿಸುತ್ತಾರೆ, ಆಮೇಲೆ ಮುಂದಿನ ಸ್ಪ್ರಾಕೆಟ್ ಬಿಚ್ಚಲು ಹೋದರೆ ಶಾಫ್ಟ್ ಪಾನಾ ಜೊತೆಗೇ ತಿರುಗುತ್ತದೆ. ಉಲ್ಟಾ ಮಾಡಿ. ಚೈನ್ ಮೇಲೇ ಇರಲಿ, ಬೈಕ್ ನೆಲದ ಮೇಲೆ ಗೇರ್‌ನಲ್ಲಿ ಇರಲಿ, ಒಬ್ಬರು ಮೇಲೆ ಕೂತು ಹಿಂದಿನ ಬ್ರೇಕ್ ಒತ್ತಿ ಹಿಡಿಯಲಿ. ಆಗ ಮುಂದಿನದನ್ನು ಸಡಿಲ ಮಾಡಿ. ಕೆಲವು ಬೈಕಿಗೆ ದೊಡ್ಡ ನಟ್ ಇದ್ದು ಅದರ ಹಿಂದೆ ಮಡಚಿದ ಲಾಕ್ ವಾಷರ್ ಇರುತ್ತದೆ, ಕೆಲವಕ್ಕೆ ಎರಡು ಸಣ್ಣ ಬೋಲ್ಟಿನ ಪ್ಲೇಟ್. ವಾಷರ್ ಇದ್ದರೆ ಮಡಚಿದ್ದನ್ನು ಮೊದಲು ನೆಟ್ಟಗೆ ಮಾಡಿ, ಕಟ್ಟುವಾಗ ಹೊಸ ವಾಷರ್ ಹಾಕಿ ಮತ್ತೆ ಮಡಚಿ. ಉಳಿ ಇಟ್ಟು ಸುತ್ತಿಗೆಯಿಂದ ನಟ್ ಹೊಡೆಯುವವರ ಕೈಗೆ ಬೈಕ್ ಕೊಡಬೇಡಿ. ಆ ಪೆಟ್ಟು ನಟ್ಟಿಗಷ್ಟೇ ಬೀಳುವುದಿಲ್ಲ, ಒಳಗಿನ ಬೇರಿಂಗಿಗೂ ಬೀಳುತ್ತದೆ.

ಸ್ಪ್ರಾಕೆಟ್ ಕವರ್ ತೆಗೆದಾಗ ಒಳಗೆ ಕಪ್ಪಗೆ ಅಂಟಿನ ಹಾಗೆ ಹಳೆ ಲೂಬ್, ಮಣ್ಣು, ಸಣ್ಣ ಕಲ್ಲು ಎಲ್ಲ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಕೆರೆಯುವಾಗ ಶಾಫ್ಟ್ ಸುತ್ತ ಇರುವ ಆಯಿಲ್ ಸೀಲಿನ ತುಟಿಗೆ ತಾಗಿಸಬೇಡಿ. ಮರದ ಕಡ್ಡಿ, ಹಳೇ ಬ್ರಷ್ಷು ಸಾಕು. ಸೀಲ್ ಸುತ್ತ ಒದ್ದೆ ಕಂಡರೆ ಅದು ಚೈನ್ ಲೂಬೋ ಎಂಜಿನ್ ಆಯಿಲೋ ಅಂತ ಒರೆಸಿ, ಓಡಿಸಿ, ಮತ್ತೆ ನೋಡಿ.

ಚೈನ್ ಬಿಗಿತದ ವಿಷಯ ಮಾತ್ರ ಕೈಮುಗಿದು ಹೇಳತೀನಿ. ಸಡಿಲ ಇದ್ದರೆ ಟಕಟಕ ಅಂತ ಸದ್ದು ಬರುತ್ತದೆ, ಜನ ಹೆದರಿ ಬಿಗಿ ಮಾಡುತ್ತಾರೆ. ಬಿಗಿ ಆದರೆ ಸದ್ದು ಬರುವುದಿಲ್ಲ, ಅದೇ ಅಪಾಯ. ಭಾರಕ್ಕೆ ಬೈಕ್ ಕೆಳಗೆ ಕುಳಿತಾಗ ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದ ತೋಳು) ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬರುವ ಒಂದು ಸ್ಥಾನ ಇದೆ. ಚೈನ್ ಅತಿ ಬಿಗಿ ಆಗುವುದು ಅಲ್ಲಿ. ಸ್ಟ್ಯಾಂಡ್ ಮೇಲೆ ಸರಿ ಕಂಡ ಚೈನು ಅಲ್ಲಿಗೆ ಬಂದಾಗ ತಂತಿ ಆಗಿರುತ್ತದೆ, ಎಲ್ಲ ಒತ್ತಡ ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗ್ ಮೇಲೆ. ನಮ್ಮ ಗ್ಯಾರೇಜಿಗೆ ಹೊರಗಿನ ಒಂದು ಅಂಗಡಿಯಲ್ಲಿ ಚೈನ್ ಕಟ್ಟಿಸಿದ ಬೈಕ್ ಬಂದಿತ್ತು, ಬೆರಳಲ್ಲಿ ಎತ್ತಿದರೆ ಚೈನು ಅಲುಗಾಡಲಿಲ್ಲ, ಸೀಲಿನಿಂದ ಎಣ್ಣೆ ಸುರಿಯುತ್ತಿತ್ತು, ಎಂಜಿನ್ ಬಿಚ್ಚಬೇಕಾಯಿತು. ಸ್ವಿಂಗ್‌ಆರ್ಮ್ ಮೇಲಿನ ಸ್ಟಿಕ್ಕರ್‌ನಲ್ಲಿ ಅಥವಾ ಕೈಪಿಡಿಯಲ್ಲಿ ಎಷ್ಟು ಮಿ.ಮೀ., ಎಲ್ಲಿ ಅಳೆಯಬೇಕು, ಯಾವ ಸ್ಟ್ಯಾಂಡ್ ಮೇಲೆ ಅಂತ ಬರೆದಿರುತ್ತದೆ. ಅಷ್ಟೇ ಸಡಿಲ ಬಿಡಿ, ಒಂದು ಮಿ.ಮೀ. ಜಾಸ್ತಿ ಬಿಟ್ಟರೂ ಅಡ್ಡಿ ಇಲ್ಲ.

ಆರ್6 ರಾಯರು (ಸ್ಟುಟ್‌ಗಾರ್ಟ್)

ಪರಮೇಶಿಯವರ ಮಾತಿಗೆ ನನ್ನದೂ ಒಂದು ಓಟು. ನಾನು ಇಲ್ಲಿ ಯಮಹಾ ಆರ್6 ಇಟ್ಟುಕೊಂಡಿದ್ದೇನೆ, ಟ್ರ್ಯಾಕ್‌ಗೆ ಮಾತ್ರ. 600 ಸಿಸಿ ಸೂಪರ್‌ಸ್ಪೋರ್ಟ್‌ಗಳಲ್ಲಿ ಈ ಉದ್ದ ಗೇರಿಂಗ್‌ನ ರೋಗ (ಪ್ರತಿ ಗೇರ್‌ನಲ್ಲೂ ವೇಗ ಜಾಸ್ತಿ, ಎಳೆತ ಕಮ್ಮಿ) ಇನ್ನೂ ಜೋರು. ಆರ್6 ಕಂಪನಿಯಿಂದ 16/45ರಲ್ಲಿ ಬರುತ್ತದೆ. 16,000 ಆರ್‌ಪಿಎಂ ತನಕ ತಿರುಗಿಸಿದರೆ ಮೊದಲನೇ ಗೇರ್‌ನಲ್ಲೇ ಲೆಕ್ಕಕ್ಕೆ 125 ಕಿ.ಮೀ. ಬರುತ್ತದೆ! ಊರೊಳಗೆ ಎರಡನೇ ಗೇರ್‌ನ ಅವಶ್ಯಕತೆಯೇ ಬೀಳುವುದಿಲ್ಲ. ಅದಕ್ಕೇ ಮುಂದೆ ಒಂದು ಇಳಿಸಿ ಹಿಂದೆ ಎರಡು ಏರಿಸುವುದು, ಅಂದರೆ 15/47, ಇಲ್ಲಿ ಬಹಳ ಜನ ಮಾಡುತ್ತಾರೆ. ಅನುಪಾತ 2.81ರಿಂದ 3.13, ಶೇ. 11 ಏರಿಕೆ.

ಕಂಪನಿಗಳು ಯಾಕೆ ಹೀಗೆ ಉದ್ದ ಗೇರಿಂಗ್ ಕೊಡುತ್ತವೆ ಅಂದರೆ ಸದ್ದಿನ ಪರೀಕ್ಷೆ, ಹೊಗೆ ಪರೀಕ್ಷೆ, ಮೈಲೇಜ್, ಟಾಪ್ ಸ್ಪೀಡ್ ಎಲ್ಲದಕ್ಕೂ ಒಂದೇ ಜೋಡಿ ಹೊಂದಬೇಕು. ಅವರೇ ಕೆಲವು ಸಲ ತಿದ್ದಿಕೊಂಡಿದ್ದಾರೆ. ಕವಾಸಾಕಿ 2019ರ ಝಡ್‌ಎಕ್ಸ್-6ಆರ್‌ಗೆ ಮುಂದೆ 16 ಇದ್ದದ್ದನ್ನು 15 ಮಾಡಿತು. 2021ರ ಝಡ್‌ಎಕ್ಸ್-10ಆರ್‌ಗೆ ಹಿಂದೆ 39 ಇದ್ದದ್ದು 41 ಆಯಿತು. ಹಾಗಾಗಿ ಕಿಟ್ಟಿ, ನೀವು ಮಾಡಲು ಹೊರಟಿರುವುದು ಏನೂ ಅಪಚಾರ ಅಲ್ಲ.

ಆದರೆ ರೇಸ್ ಓಡಿಸುವವರು ಒಂದು ಜೋಡಿ ಹಾಕಿ ವರ್ಷಪೂರ್ತಿ ಬಿಡುವುದಿಲ್ಲ. ಹಾಕನ್‌ಹೈಮ್‌ನಲ್ಲಿ ಪರಾಬೋಲಿಕಾ ಅಂತ ಉದ್ದಕ್ಕೆ ಬಾಗಿದ, ಪೂರ್ತಿ ಥ್ರಾಟಲ್‌ನ ದಾರಿ ಇದೆ. ಸಣ್ಣ ಟ್ರ್ಯಾಕಿಗೆ ಹೊಂದಿಸಿದ ಗೇರಿಂಗ್ ಇಟ್ಟುಕೊಂಡು ಅಲ್ಲಿಗೆ ಹೋದರೆ ಕೊನೆಯಲ್ಲಿ ಲಿಮಿಟರ್‌ಗೆ (ಎಂಜಿನ್ ಸುತ್ತು ಮಿತಿ ದಾಟದಂತೆ ತಡೆಯುವುದು) ತಲೆ ಚಚ್ಚಿಕೊಳ್ಳುತ್ತಾ ಹೋಗಬೇಕು. ಅದಕ್ಕೆ ಮುಂದಿನದು ಒಂದೇ ಇಟ್ಟು ಹಿಂದಿನವು ಎರಡು ಮೂರು ಪೆಟ್ಟಿಗೆಯಲ್ಲಿ ಇರುತ್ತವೆ. ಹಿಂದಿನದರಲ್ಲಿ ಇನ್ನೊಂದು ವಿಷಯ, ಆಕ್ಸಲ್ ಹಿಂದೆ ಮುಂದೆ ಆದಂತೆ ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ದೂರ) ಬದಲಾಗುತ್ತದೆ. ಮುಂದಕ್ಕೆ ಬಂದರೆ ಬೈಕ್ ಚುರುಕಾಗಿ ತಿರುಗುತ್ತದೆ, ಮುಂದಿನ ಚಕ್ರ ಬೇಗ ಏಳುತ್ತದೆ. 4 ಮಿ.ಮೀ.ಯಲ್ಲಿ ನನಗೇನೂ ಗೊತ್ತಾಗುವುದಿಲ್ಲ. ಗೊತ್ತಾಗುತ್ತದೆ ಅನ್ನುವ ಹುಡುಗರ ಲ್ಯಾಪ್ ಟೈಮ್ ಕೇಳಿ ಆಮೇಲೆ ನಂಬಿ.

ಸ್ಪೀಡೋಮೀಟರ್: ಇದು ಸೆನ್ಸರ್ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ನನ್ನ ಆರ್6ರಲ್ಲಿ ಗೇರ್‌ಬಾಕ್ಸ್‌ನಲ್ಲಿದೆ, ಆದ್ದರಿಂದ ಗೇರಿಂಗ್ ಇಳಿಸಿದಷ್ಟೂ ಮೀಟರ್ ಜಾಸ್ತಿ ತೋರಿಸುತ್ತದೆ, ಓಡಿದ ಕಿ.ಮೀ. ಕೂಡ ಜಾಸ್ತಿ ಬೀಳುತ್ತದೆ. ಸರಿಪಡಿಸಲು ನಡುವೆ ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆ ಹಾಕುತ್ತಾರೆ. ಸೆನ್ಸರ್ ಮುಂದಿನ ಚಕ್ರದಲ್ಲಿ ಇದ್ದರೆ ಸ್ಪ್ರಾಕೆಟ್ ಏನು ಮಾಡಿದರೂ ಮೀಟರ್‌ಗೆ ಗೊತ್ತೇ ಆಗುವುದಿಲ್ಲ. ಪತ್ತೆ ಮಾಡುವುದು ಸುಲಭ: ಹಿಂದಿನ ಚಕ್ರವನ್ನು ಪ್ಯಾಡಕ್ ಸ್ಟ್ಯಾಂಡ್ ಮೇಲೆ ಎತ್ತಿ, ಸ್ಟಾರ್ಟ್ ಮಾಡಿ ಮೊದಲನೇ ಗೇರ್ ಹಾಕಿ ನಿಧಾನವಾಗಿ ತಿರುಗಲು ಬಿಡಿ. ಮೀಟರ್ ಸೊನ್ನೆಯಲ್ಲೇ ಇದ್ದರೆ ಅದು ಮುಂದಿನ ಚಕ್ರ ನೋಡುತ್ತಿದೆ. ಆಗ ಎಬಿಎಸ್ ದೀಪ ಹತ್ತಿದರೆ ಗಾಬರಿ ಬೇಡ, ಒಂದು ಚಕ್ರ ತಿರುಗುತ್ತಿದೆ, ಇನ್ನೊಂದು ನಿಂತಿದೆ ಅಂತ ಅದಕ್ಕೆ ಗೊಂದಲ. ಕೀ ಆಫ್ ಮಾಡಿ, ಮತ್ತೆ ಆನ್ ಮಾಡಿ ಸ್ವಲ್ಪ ಓಡಿಸಿದರೆ ಆರುತ್ತದೆ. ಮತ್ತೆ, ಚಕ್ರ ತಿರುಗುತ್ತಿರುವಾಗ ಚೈನ್ ಹತ್ತಿರ ಬಟ್ಟೆ, ಬೆರಳು ಯಾವುದೂ ಹೋಗಬಾರದು. ಎಂಜಿನ್ ಓಡುತ್ತಿರುವಾಗ ಚೈನ್ ಒರೆಸಲು ಹೋಗಿ ಬೆರಳು ಕಳೆದುಕೊಂಡವರು ಎಲ್ಲ ದೇಶದಲ್ಲೂ ಇದ್ದಾರೆ.

ಕಾರ್ನರ್ ಕಿಟ್ಟಿ (ಬೆಂಗಳೂರು)

ಎಲ್ಲರಿಗೂ ದೊಡ್ಡ ನಮಸ್ಕಾರ. ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಮೇಷ್ಟ್ರೇ, ಹಿಂದಿನ ಟ್ರ್ಯಾಕ್ ಡೇಯ ವಿಡಿಯೋ ಇತ್ತು, ಪುಣ್ಯಕ್ಕೆ ಮೀಟರ್ ಕಾಣುತ್ತದೆ. ಕೂತು ನೋಡಿದೆ. ನನಗೆ ತಲೆನೋವು ಕೊಡುತ್ತಿದ್ದ ಎರಡು ತಿರುವಿನಲ್ಲಿ ವೇಗ 62ರಿಂದ 66ರ ಒಳಗೆ ಇದೆ. 75ರ ಆಸುಪಾಸು ಯಾವ ತಿರುವೂ ಇಲ್ಲ, ಉಳಿದವು ಅದಕ್ಕಿಂತ ಜೋರಿನವು. 6ನೇ ಗೇರ್ ಕರಿಯಲ್ಲಿ ಒಂದು ಸಲವೂ ಹಾಕಿಲ್ಲ. ರಾಯರು ಹೇಳಿದ ಪರೀಕ್ಷೆಯನ್ನೂ ಮಾಡಿದೆ, ಮೀಟರ್ ಸೊನ್ನೆ ಬಿಟ್ಟು ಅಲುಗಲಿಲ್ಲ. ಎಬಿಎಸ್ ದೀಪ ಹತ್ತಿತು, ಗೇಟಿನ ತನಕ ಹೋಗಿ ಬರುವಷ್ಟರಲ್ಲಿ ಆರಿತು. ಚೈನ್ ಅಳತೆ ಕೈಪಿಡಿಯ ಮಿತಿಯ ಒಳಗೇ ಇದೆ, ಬಿಗಿ-ಜೋಲು ವ್ಯತ್ಯಾಸವೂ ಕಾಣಲಿಲ್ಲ.

ಹಾಗಾಗಿ 14 ಅಂತಲೇ ನಿರ್ಧಾರ. ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದೆ. ಎರಡು ಮೂರು ಥರದ್ದು ತೋರಿಸಿದರು. ಒಂದು ಬರೀ ಕಬ್ಬಿಣದ ಬಿಲ್ಲೆ, ಇನ್ನೊಂದು ಅಲ್ಲಲ್ಲಿ ತೂತು ಕೊರೆದು ಹಗುರ ಮಾಡಿದ್ದು, ಬೆಲೆ ದುಪ್ಪಟ್ಟು. ಯಾವುದು ತರಲಿ? ಇನ್ನೊಂದು, ಸಣ್ಣ ಸ್ಪ್ರಾಕೆಟ್ ಹಾಕಿದರೆ ಚೈನ್ ಬೇಗ ಸವೆಯುತ್ತದೆ ಅಂತ ಅಂಗಡಿಯವರು ಹೇಳಿದರು. ಹೌದಾ, ಇಲ್ಲ ಚೈನ್ ಕೂಡ ಮಾರುವ ಉಪಾಯವಾ?

ಲೆಕ್ಕದ ಮೇಷ್ಟ್ರು (ಮೈಸೂರು)

ಅಂಗಡಿಯವರು ಹೇಳಿದ್ದು ನಿಜ. ಸುತ್ತು ಸಣ್ಣದಾದಷ್ಟೂ ಪ್ರತಿ ಲಿಂಕ್ ಜಾಸ್ತಿ ಕೋನಕ್ಕೆ ಮಡಚಬೇಕು. 15ರಲ್ಲಿ 24 ಡಿಗ್ರಿ, 14ರಲ್ಲಿ ಸುಮಾರು 25.7. ಜೊತೆಗೆ ಅದೇ ಎಳೆತವನ್ನು ಕಮ್ಮಿ ಹಲ್ಲುಗಳು ಹಂಚಿಕೊಳ್ಳಬೇಕು, ಚೈನ್ ಮೇಲಿನ ಬಲವೂ ಶೇ. 7 ಏರುತ್ತದೆ. ಒಂದು ಹಲ್ಲಿಗೆ ಆಕಾಶ ಬೀಳುವುದಿಲ್ಲ, ಆದರೆ 13ಕ್ಕೆ ಇಳಿಯಬೇಡಿ.

ತಲೆಹರಟೆ ಇಷ್ಟಪಡುವವರಿಗೆ ಇನ್ನೊಂದು. ಚೈನಿನಲ್ಲಿ ಒಳ ಲಿಂಕ್, ಹೊರ ಲಿಂಕ್ ಒಂದು ಬಿಟ್ಟು ಒಂದು ಬರುತ್ತವೆ, ಒಟ್ಟು ಸಮಸಂಖ್ಯೆ. ಸ್ಪ್ರಾಕೆಟ್ ಹಲ್ಲೂ ಸಮಸಂಖ್ಯೆ ಆದರೆ ಒಂದು ಹಲ್ಲಿಗೆ ಯಾವಾಗಲೂ ಒಳ ಲಿಂಕೇ ಸಿಗುತ್ತದೆ, ಪಕ್ಕದ್ದಕ್ಕೆ ಯಾವಾಗಲೂ ಹೊರ ಲಿಂಕೇ. 15, 45 ಥರದ ಬೆಸ ಸಂಖ್ಯೆಯಲ್ಲಿ ಸರದಿ ಬದಲಾಗಿ ಸವೆತ ಸಮನಾಗಿ ಹಂಚಿಹೋಗುತ್ತದೆ. ಈ ಒಂದು ಕಾರಣಕ್ಕೆ ನಾನಾಗಿದ್ದರೆ 15/47 ಹಾಕುತ್ತಿದ್ದೆ. ನಿಮ್ಮ 64 ಕಿ.ಮೀ.ಗೆ 3ನೇ ಗೇರ್‌ನಲ್ಲಿ ಅದು 6600 ಕೊಡುತ್ತದೆ, 14 ಆದರೆ 6750. ವ್ಯತ್ಯಾಸ ಅಷ್ಟೇ.

ಪಾನಾ ಪರಮೇಶಿ (ಹುಬ್ಬಳ್ಳಿ)

ಮೇಷ್ಟ್ರೇ, ಟ್ರ್ಯಾಕ್ ಬೈಕಿನ ಮುಂದಿನ ಸ್ಪ್ರಾಕೆಟ್ ಸಮ ಬೆಸ ನೋಡುವಷ್ಟು ದಿನ ಎಲ್ಲಿ ಬದುಕುತ್ತದೆ, ಬಿಡಿ!

ಕಿಟ್ಟಿ, ಬರೀ ಉಕ್ಕಿನ ಬಿಲ್ಲೆಯೇ ಸಾಕು. ಆದರೆ ಹಳೇದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಒಳಗಿನ ಸ್ಪ್ಲೈನ್ (ಶಾಫ್ಟ್ ಮೇಲೆ ಕೂರುವ ಹಲ್ಲುಗಳು) ಕೂಡಬೇಕು, ಹಲ್ಲಿನ ದಪ್ಪ ಒಂದೇ ಇರಬೇಕು, ಒಂದು ಬದಿ ಉಬ್ಬಿದ ಭಾಗ ಇದ್ದರೆ ಅದರ ಎತ್ತರ ಕೂಡ ಸರಿಯಾಗಿ ಹೊಂದಬೇಕು. ಅದು ಹೊಂದದಿದ್ದರೆ ಚೈನ್ ಅಡ್ಡಕ್ಕೆ ಎಳೆದುಕೊಂಡು ಓಡುತ್ತದೆ. ಕೆಲವು ಕಂಪನಿ ಸ್ಪ್ರಾಕೆಟ್‌ಗೆ ಸದ್ದು ಕಮ್ಮಿ ಮಾಡಲು ರಬ್ಬರ್ ಬಳೆ ಅಂಟಿಸಿರುತ್ತಾರೆ, ಹೊರಗಿನದಕ್ಕೆ ಇರುವುದಿಲ್ಲ, ಗುಂಯ್ ಅನ್ನುವ ಸದ್ದು ಬಂದರೆ ಅದಕ್ಕೇ. ಹಾಕಿದ ಮೇಲೆ ಸ್ವಿಂಗ್‌ಆರ್ಮ್ ಮೇಲಿನ ಪ್ಲಾಸ್ಟಿಕ್ ಸ್ಲೈಡರ್ ಆಗಾಗ ನೋಡಿ. ಸಣ್ಣ ಸ್ಪ್ರಾಕೆಟ್ ಅಂದರೆ ಚೈನ್ ಕೆಳಗೆ ಬರುತ್ತದೆ, ಅದನ್ನು ಉಜ್ಜುತ್ತದೆ. ಸ್ವಿಂಗ್‌ಆರ್ಮ್ ಗುರುತುಗಳನ್ನು ಪೂರ್ತಿ ನಂಬಬೇಡಿ, ಹಿಂದಿನಿಂದ ಕೂತು ಚೈನ್ ನೆಟ್ಟಗೆ ಓಡುತ್ತದಾ ಕಣ್ಣಲ್ಲಿ ನೋಡಿ, ಇಲ್ಲವೇ ದಾರ ಹಿಡಿದು ನೋಡಿ.

ಮುಂದೆ ಯಾವಾಗಲಾದರೂ ಚೈನ್ ಬದಲಾಯಿಸಿದರೆ ಎರಡು ತುದಿ ಕೂಡಿಸಲು ರಿವೆಟ್ ಲಿಂಕ್ ಹಾಕಿಸಿ. ಕ್ಲಿಪ್ ಲಿಂಕ್ ಸಿಕ್ಕಿತು ಅಂತ ಟ್ರ್ಯಾಕ್‌ಗೆ ಹೋಗಬೇಡಿ.

ಘಟ್ಟದ ಬುಡ (ಬೆಳ್ತಂಗಡಿ)

ಹಳೇ 15 ಬಿಸಾಡಬೇಡಿ, ಚೀಲದಲ್ಲಿ ಕಟ್ಟಿ ಇಡಿ. ಮಳೆಗಾಲದಲ್ಲಿ ಈ ಕಡೆ ಬರುವುದಾದರೆ ಅದನ್ನೇ ಹಾಕಿಕೊಂಡು ಬನ್ನಿ.

ಕಾರ್ನರ್ ಕಿಟ್ಟಿ (ಬೆಂಗಳೂರು)

ಆಯಿತು ಸರ್, ಇಡುತ್ತೇನೆ. ಕೊನೇ ಪ್ರಶ್ನೆ, ಬೆಂಗಳೂರಲ್ಲಿ ಯಾರ ಹತ್ತಿರವಾದರೂ 100 ನ್ಯೂಟನ್ ಮೀಟರ್ ದಾಟುವ ಟಾರ್ಕ್ ರೆಂಚ್ ಇದೆಯಾ? ಒಂದೇ ದಿನಕ್ಕೆ. ಹಿಂದಿನ ಆಕ್ಸಲ್ ನಟ್ ಅಂದಾಜಿನ ಮೇಲೆ ಕಟ್ಟಲು ಮನಸ್ಸು ಬರುತ್ತಿಲ್ಲ.

ರಾಜಾಜಿನಗರ ರೈಡರ್

ನನ್ನ ಹತ್ತಿರ ಇದೆ. ಮೆಸೇಜ್ ಮಾಡಿ, ಶನಿವಾರ ಸಂಜೆ ಬಂದು ತಗೊಂಡು ಹೋಗಿ. ಪ್ಯಾಡಕ್ ಸ್ಟ್ಯಾಂಡ್ ಇಲ್ಲದಿದ್ದರೆ ಬೈಕನ್ನೇ ತನ್ನಿ, ಇಲ್ಲೇ ಮಾಡೋಣ. ಬ್ರೇಕ್ ಒತ್ತಿ ಕೂರಲು ನಮ್ಮ ತಮ್ಮ ಇದ್ದಾನೆ.